ನಾಲ್ಕನೆಯವಳು ಎಲ್ಲಿದ್ದಾಳೆ?

ಓದುಗರ ಪ್ರಶ್ನೆಗಳಿಗೆ ಕೊಪ್ಪಳದ ನಿವೃತ್ತ ಪಿ.ಟಿ. ಟೀಚರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಗುಡ್ಡಗಾಡು ಓಟದವೇ, ಅಂದರೆ ಹೊಲ, ದಿಬ್ಬ, ಕೆಸರಿನಲ್ಲಿ ಓಡುವ ಕ್ರಾಸ್ ಕಂಟ್ರಿಯವೇ ಜಾಸ್ತಿ. ಜನವರಿ 10, 2026ರಂದು ಅಮೆರಿಕದ ಟಲ್ಲಹಸ್ಸಿಯಲ್ಲಿ ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್‌ಷಿಪ್ ನಡೆಯಿತು. ಉಗಾಂಡದ ಜೇಕಬ್ ಕಿಪ್ಲಿಮೊ 2023, 2024ರ ನಂತರ ಈ ಸಲವೂ ಗೆದ್ದರು. ಮೊಬೈಲಿನಲ್ಲಿ ಆ ಓಟದ ತುಣುಕು ನೋಡಿದ ಮಕ್ಕಳು ಬರೆದಿದ್ದಾರೆ, ಅವರ ಅಪ್ಪ ಅಮ್ಮಂದಿರೂ ಬರೆದಿದ್ದಾರೆ. ತುಂಬಾ ಖುಷಿಯಾಯಿತು.

ನನ್ನ ಮಗಳು ಪಿಯು ಕಾಲೇಜಿನ ಗುಡ್ಡಗಾಡು ಓಟದಲ್ಲಿ 17ನೆಯವಳಾಗಿ ಬಂದಳು. ಆದರೂ ಅವಳ ಕೊರಳಿಗೆ ಚಿನ್ನದ ಪದಕ ಹಾಕಿದರು. ಮೊದಲು ಬಂದ ಹುಡುಗಿಯ ತಂಡಕ್ಕೆ ಏನೂ ಸಿಗಲಿಲ್ಲ. ಮಗಳು ಆ ಪದಕವನ್ನು ಯಾರಿಗೂ ತೋರಿಸುತ್ತಿಲ್ಲ. ಇದು ನ್ಯಾಯವಾ ಮೇಡಂ? – ಒಬ್ಬ ತಂದೆ, ಸಿಂಧನೂರು

ನ್ಯಾಯವೇ ಅಣ್ಣಾ. ಆ ಪದಕ ಅವಳದೇ.

ಗುಡ್ಡಗಾಡು ಓಟದಲ್ಲಿ ಎರಡು ಲೆಕ್ಕ ಇರುತ್ತೆ. ಒಂದು ಒಬ್ಬೊಬ್ಬರದು, ಇನ್ನೊಂದು ತಂಡದ್ದು. ವಿಶ್ವ ಚಾಂಪಿಯನ್‌ಷಿಪ್‌ನ ಹಿರಿಯರ ಓಟದಲ್ಲಿ ಒಂದು ದೇಶದಿಂದ ಆರು ಜನ ಓಡುತ್ತಾರೆ. ಮುಂದೆ ಬಂದ ನಾಲ್ವರ ಸ್ಥಾನಗಳನ್ನು ಕೂಡಿಸುತ್ತಾರೆ. ಯಾರ ಮೊತ್ತ ಕಡಿಮೆಯೋ ಆ ತಂಡ ಗೆಲ್ಲುತ್ತೆ. ಕಾಲೇಜು ಮಟ್ಟದಲ್ಲಿ ಎಷ್ಟು ಜನರನ್ನು ಎಣಿಸುತ್ತಾರೆ ಎನ್ನುವುದು ಬೇರೆ ಇರಬಹುದು, ಆದರೆ ಕೂಡಿಸುವ ರೀತಿ ಇದೇ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಒಂದು ತಂಡದವರು 1, 20, 31, 40ನೇ ಸ್ಥಾನಕ್ಕೆ ಬಂದರು. ಮೊತ್ತ 92. ಇನ್ನೊಂದು ತಂಡದವರು 8, 11, 14, 17. ಮೊತ್ತ 50. ಮೊದಲನೆಯವಳು ಇಲ್ಲದೆಯೇ ಎರಡನೇ ತಂಡ ಗೆದ್ದಿತು. ಈ ಲೆಕ್ಕದಲ್ಲಿ 17ನೆಯವಳು 60ನೆಯವಳಾಗಿ ಬಂದಿದ್ದರೆ ಮೊತ್ತ 93 ಆಗುತ್ತಿತ್ತು, ಆ ತಂಡ ಸೋಲುತ್ತಿತ್ತು. ನಿಮ್ಮ ಮಗಳು ತಂಡದ ಎಷ್ಟನೆಯವಳೋ ನನಗೆ ಗೊತ್ತಿಲ್ಲ. ಆದರೆ ಕೊನೆಯ ಏರಿನಲ್ಲಿ ಅವಳು ಹಿಂದೆ ಹಾಕಿದ ಒಬ್ಬೊಬ್ಬಳೂ ತಂಡದ ಮೊತ್ತದಿಂದ ಒಂದೊಂದು ಅಂಕ ಇಳಿಸಿದ್ದಾಳೆ.

ಲೆಕ್ಕ ಹೇಗಿರಬೇಕು ಅಂತ ತೋರಿಸಿದವರು ಕೆನ್ಯಾದ ಹೆಂಗಸರು. 2017ರಲ್ಲಿ ಉಗಾಂಡದ ಕಂಪಾಲದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಆರೂ ಸ್ಥಾನ ಅವರದೇ. ಒಂದು, ಎರಡು, ಮೂರು, ನಾಲ್ಕು ಕೂಡಿದರೆ 10. ಅದಕ್ಕಿಂತ ಕಡಿಮೆ ಮೊತ್ತ ಬರಲು ಸಾಧ್ಯವೇ ಇಲ್ಲ. ಅವತ್ತು ಗೆದ್ದವರು ಐರೀನ್ ಚೆಪ್ಟಾಯ್. ಆರನೆಯವರಾಗಿ ಬಂದವರು ಯಾರು ಗೊತ್ತಾ? 1500 ಮೀಟರಿನ ಒಲಿಂಪಿಕ್ ಚಾಂಪಿಯನ್ ಫೇತ್ ಕಿಪ್ಯೆಗಾನ್. ಅಂಥವರೂ ಆರನೆಯವರಾಗಿ ತಂಡದ ಜತೆ ನಿಂತಿದ್ದಾರೆ.

ನಾನು ಮಕ್ಕಳನ್ನು ಓಟಕ್ಕೆ ಕರೆದುಕೊಂಡು ಹೋದಾಗ ಕೊನೆಯ ಗೆರೆಯ ಹತ್ತಿರ ನಿಲ್ಲುತ್ತಿರಲಿಲ್ಲ. ಗೆರೆಗಿಂತ ಅರ್ಧ ಕಿಲೋಮೀಟರ್ ಹಿಂದೆ, ಯಾವುದಾದರೂ ಹೊಲದ ಒಡ್ಡಿನ ಮೇಲೆ ನಿಲ್ಲುತ್ತಿದ್ದೆ. ಮುಂದಿದ್ದವಳಿಗೆ ಏನೂ ಹೇಳುವುದು ಬೇಕಿಲ್ಲ, ಅವಳು ಹೋಗುತ್ತಾಳೆ. ನಾನು ಕಾಯುತ್ತಿದ್ದದ್ದು ನಾಲ್ಕನೆಯವಳಿಗೆ. ಬಾಯಿ ಒಣಗಿರುತ್ತೆ, ಜಡೆ ಬಿಚ್ಚಿರುತ್ತೆ, ಮೊಣಕಾಲಿನವರೆಗೆ ಕೆಂಪು ಧೂಳು. ನಾನು ಎಷ್ಟನೆಯವಳು ಅಂತ ಅವಳಿಗೇ ಗೊತ್ತಿರುವುದಿಲ್ಲ. "ಮುಂದೆ ಮೂವರಿದ್ದಾರೆ ತಂಗಿ, ಹಿಡಿ!" ಅಂತ ಕೂಗಿದರೆ ಸಾಕು, ಕಾಲು ತಾನೇ ಏಳುತ್ತಿತ್ತು. ಮಗಳಿಗೆ ಪದಕ ಹಾಕಿಕೊಂಡು ಒಂದು ಫೋಟೊ ತೆಗೆಸಿ ಅಣ್ಣಾ, ತಂಡದವರೆಲ್ಲರ ಜೊತೆ.

ಕ್ರಾಸ್ ಕಂಟ್ರಿಯಲ್ಲಿ 10 ಕಿ.ಮೀ. ವಿಶ್ವ ದಾಖಲೆ ಎಷ್ಟು? – ಪಿಯು ವಿದ್ಯಾರ್ಥಿ, ಸಿರುಗುಪ್ಪ

ಇಲ್ಲ ತಮ್ಮಾ, ಇದಕ್ಕೆ ವಿಶ್ವ ದಾಖಲೆಯೇ ಇಲ್ಲ. ಒಂದು ಊರಿನ ದಾರಿ ಇನ್ನೊಂದು ಊರಿನಂತೆ ಇರುವುದಿಲ್ಲ. 2019ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಒಂದು ಮ್ಯೂಸಿಯಮ್ಮಿನ ಇಳಿಜಾರು ಹುಲ್ಲಿನ ಚಾವಣಿ ಮೇಲೆ ಸುತ್ತು ಸುತ್ತಿಗೂ ಹತ್ತಿಸಿದರು. ಅಲ್ಲಿನ ಸಮಯವನ್ನು ಇನ್ನೊಂದು ಊರಿನ ಸಮಯದ ಪಕ್ಕ ಇಟ್ಟು ಏನು ಮಾಡುತ್ತೀಯಾ? ಇಲ್ಲಿ ನೋಡುವುದು ಸ್ಥಾನ ಮಾತ್ರ. ವಾಚನ್ನು ಅಭ್ಯಾಸಕ್ಕೆ ಇಟ್ಟುಕೋ.

ನಮ್ಮೂರಲ್ಲಿ ಮೈದಾನ ಇಲ್ಲ. ಡಾಂಬರು ರಸ್ತೆಯಲ್ಲಿ ಓಡುತ್ತೇನೆ. ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋಯುತ್ತದೆ. ಏನು ಮಾಡಲಿ? – 17 ವರ್ಷದ ಹುಡುಗ, ಕುಷ್ಟಗಿ ತಾಲ್ಲೂಕು

ಮೊದಲು ಡಾಂಬರು ಬಿಡು. ಎಲುಬನ್ನು ಬೆರಳಿಂದ ಒತ್ತಿದಾಗ ಒಂದೇ ಕಡೆ ಚುಚ್ಚಿದಂತೆ ನೋವಾದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸು, ತಡ ಮಾಡಬೇಡ.

ಮೈದಾನ ಇಲ್ಲ ಅಂತ ಬರೆದಿದ್ದೀಯ. ಗುಡ್ಡಗಾಡು ಓಟಕ್ಕೆ ಮೈದಾನ ಯಾಕೆ ಬೇಕು? ನಿನ್ನ ಊರಿನ ಸುತ್ತ ಮಸಾರಿ (ಕೆಂಪು ಮಣ್ಣಿನ) ಹೊಲಗಳಿವೆ, ಬಂಡಿ ದಾರಿಗಳಿವೆ, ಹಳ್ಳ ಇದೆ. ಬೇರೆ ದೇಶದವರು ಓಟದ ದಾರಿಯಲ್ಲಿ ಮರಳು ಸುರಿದು, ಕೆಸರು ಮಾಡಿ, ದಿಬ್ಬ ಕಟ್ಟಿ ಓಡಿಸುತ್ತಾರೆ. ನಿನಗೆ ಅದೆಲ್ಲ ಮನೆ ಹಿಂದೆಯೇ ಇದೆ. ಇದನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳಿ ಹೇಳಿ ನನಗೆ ಸಾಕಾಗಿಲ್ಲ, ಇನ್ನೂ ಹೇಳುತ್ತೇನೆ.

ಆದರೆ ನೆಲ ನೋಡಿ ಓಡಬೇಕು. ಮಸಾರಿ ನೆಲ ವರ್ಷವಿಡೀ ಚೆನ್ನ. ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಮಳೆ ಬಿದ್ದ ಮರುದಿನ ಇಳಿಯಬೇಡ. ಮಣ್ಣು ಬೂಟಿಗೆ ಹತ್ತಿ ಹತ್ತಿ ಕಾಲೇ ಎತ್ತಲಾಗುವುದಿಲ್ಲ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಡುತ್ತೆ, ಅದರಲ್ಲಿ ಹೆಜ್ಜೆ ಸಿಕ್ಕಿದರೆ ಪಾದ ಹೊರಳುತ್ತೆ. ಜೋಳ ಕೊಯ್ದ ಹೊಲದಲ್ಲಿ ಕೂಳೆ ಚುಚ್ಚುತ್ತೆ. ಕಾಲುವೆ ಇರುವ ಊರಿನವರಿಗೆ ಕಾಲುವೆ ದಂಡೆಯ ಮಣ್ಣಿನ ದಾರಿ ಬಹಳ ಒಳ್ಳೆಯದು.

ಇನ್ನು ಬಳ್ಳಾರಿ ಜಾಲಿ. ಅದರ ಮುಳ್ಳು ಬೂಟಿನ ಅಟ್ಟೆ ತೂರಿ ಒಳಗೆ ಬರುತ್ತೆ. ಓಡಿ ಬಂದ ಮೇಲೆ ಬೂಟು ಬಿಚ್ಚಿ, ಒಳಗೆ ಕೈ ಹಾಕಿ ಮೆಲ್ಲಗೆ ಸವರಿ ನೋಡು. ತುದಿ ಮುರಿದ ಮುಳ್ಳು ಹೊರಗಿನಿಂದ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತೆ. ಹೊರಗಿನಿಂದ ಎಳೆಯಲು ಬರದಿದ್ದರೆ ಇಕ್ಕಳದಿಂದ ಒಳಗಿನಿಂದಲೇ ಹಿಡಿದು ಎಳೆ.

ಎಲುಬಿನ ನೋವು ಪೂರ್ತಿ ಹೋದ ಮೇಲೆ ವಾರಕ್ಕೆ ಮೂರು ದಿನ, ಮಾತಾಡುತ್ತಾ ಓಡಬಹುದಾದಷ್ಟು ನಿಧಾನಕ್ಕೆ, ಅರ್ಧ ಗಂಟೆ ಓಡು. ಅದು ಹಗುರ ಅನಿಸಿದಾಗ ಒಂದು ದಿನ ಏರು ಸೇರಿಸು. ಇಳಿಯುವಾಗ ನಡೆದೇ ಇಳಿ.

ಕ್ರಾಸ್ ಕಂಟ್ರಿ ಒಲಿಂಪಿಕ್ಸ್‌ನಲ್ಲಿ ಯಾಕಿಲ್ಲ? ನಮ್ಮ ಬಿಸಿಲಲ್ಲಿ ಇದನ್ನು ಓಡಲು ಆಗುತ್ತದಾ? – ರಾಯಚೂರು

ಮೊದಲು ಇತ್ತು. 1912, 1920, 1924ರ ಒಲಿಂಪಿಕ್ಸ್‌ನಲ್ಲಿ ಓಡಿಸಿದರು. 1924ರಲ್ಲಿ ಪ್ಯಾರಿಸ್‌ನಲ್ಲಿ ಸುಡು ಬಿಸಿಲು. 38 ಜನ ಹೊರಟವರಲ್ಲಿ ಮುಗಿಸಿದವರು 15 ಮಂದಿ. ಫಿನ್ಲೆಂಡಿನ ಪಾವೊ ನುರ್ಮಿ ಗೆದ್ದರು, ಹಲವರು ದಾರಿಯಲ್ಲೇ ಕುಸಿದರು. ಅದಾದ ಮೇಲೆ ಒಲಿಂಪಿಕ್ಸ್‌ನಲ್ಲಿ ಈ ಓಟ ಮತ್ತೆ ನಡೆದಿಲ್ಲ.

2007ರಲ್ಲಿ ಕೆನ್ಯಾದ ಮೊಂಬಾಸಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಹಾಗೇ ಆಯಿತು. ಸಮುದ್ರದ ದಡ, ಸೆಖೆ. 2002ರಿಂದ 2006ರವರೆಗೆ ಐದು ವರ್ಷವೂ ದೂರದ ಮತ್ತು ಹತ್ತಿರದ ಎರಡೂ ಓಟ ಗೆದ್ದಿದ್ದ ಇಥಿಯೋಪಿಯಾದ ಕೆನೆನಿಸಾ ಬೆಕೆಲೆ ಅವತ್ತು ಓಟ ಮುಗಿಸಲಿಲ್ಲ. ಎರಿಟ್ರಿಯಾದ ಝೆರ್ಸೆನಾಯ್ ಟಾಡೆಸೆ ಗೆದ್ದರು. ಬೆಕೆಲೆಯನ್ನೇ ಬಿಡದ ಬಿಸಿಲು ನಮ್ಮ ಮಕ್ಕಳನ್ನು ಬಿಡುತ್ತಾ? ರಾಯಚೂರಲ್ಲಿ ಫೆಬ್ರವರಿ ಮುಗಿದ ಮೇಲೆ ಬೆಳಗ್ಗೆ ಎಂಟರ ನಂತರ ಯಾವ ಓಟವನ್ನೂ ಶುರು ಮಾಡಬಾರದು. ಅತಿಥಿಗಳು ಬರಲಿ ಅಂತ ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ ಹತ್ತಕ್ಕೆ ಬಿಡುವುದನ್ನು ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿದಿದೆ. ಹೀಗೆ ಮಾಡಿದರೆ ಪಾಲಕರು ಸುಮ್ಮನಿರಬೇಡಿ.

ಗೆರೆಯ ಹತ್ತಿರ ಬಿದ್ದ ಮಗನನ್ನು ಎತ್ತಿ ನಡೆಸಿದೆ. ಅವನನ್ನು ಪಟ್ಟಿಯಿಂದ ತೆಗೆದರು. ಬಿದ್ದವರನ್ನು ಎತ್ತುವುದು ತಪ್ಪಾ? – ಮಾನ್ವಿ

ಎತ್ತಿದ್ದು ತಂದೆಯ ಕರುಳು. ಆದರೆ ಓಟದ ನಿಯಮ ಹಾಗೇ ಇದೆ. 2023ರಲ್ಲಿ ಆಸ್ಟ್ರೇಲಿಯಾದ ಬಾಥರ್ಸ್ಟ್‌ನಲ್ಲಿ ಇಥಿಯೋಪಿಯಾದ ಲೆಟೆಸೆನ್‌ಬೆಟ್ ಗಿಡೆ ಮುಂದಿದ್ದರು. ಗೆರೆ ಕಣ್ಣೆದುರಿಗೇ ಇತ್ತು. ಅಲ್ಲೇ ಕುಸಿದು ಬಿದ್ದರು. ಕೆನ್ಯಾದ ಬೀಟ್ರಿಸ್ ಚೆಬೆಟ್ ದಾಟಿ ಹೋಗಿ ಗೆದ್ದರು. ಹೊರಗಿನವರೊಬ್ಬರು ಬಂದು ಗಿಡೆಯನ್ನು ಎತ್ತಿದ್ದಕ್ಕೆ ಅವರನ್ನು ಅನರ್ಹ ಮಾಡಿದರು.

ಹಾಗಂತ ಮಗ ಜ್ಞಾನ ತಪ್ಪಿದರೆ ನಿಯಮ ನೋಡುತ್ತಾ ಕೂರಬೇಡಿ, ಓಡಿ ಹೋಗಿ. ಬರೀ ಕಾಲು ಸೋತಿದ್ದರೆ ದೂರದಿಂದಲೇ ಹೆಸರು ಹಿಡಿದು ಕೂಗಿ. ಕಂಪಾಲದಲ್ಲಿ ಅದೇ 2017ರಲ್ಲಿ ಉಗಾಂಡದ ಜೋಶುವಾ ಚೆಪ್ಟೆಗೈ ತಮ್ಮ ಜನರ ಮುಂದೆ ಎಲ್ಲರಿಗಿಂತ ಬಹಳ ಮುಂದಿದ್ದರು. ಕೊನೆಯ ಸುತ್ತಿನಲ್ಲಿ ಕಾಲು ಸೋತವು. ತೂರಾಡುತ್ತಲೇ ಬಂದು 30ನೆಯವರಾಗಿ ಮುಗಿಸಿದರು. ಪಕ್ಕಕ್ಕೆ ಸರಿಯಲಿಲ್ಲ. ಎರಡು ವರ್ಷದ ನಂತರ ಆರ್ಹುಸ್‌ನ ಆ ಹುಲ್ಲಿನ ಚಾವಣಿ ಹತ್ತಿ ಇಳಿದು ಗೆದ್ದವರು ಅವರೇ, ತಂಡದ ಚಿನ್ನವೂ ಉಗಾಂಡಕ್ಕೇ ಬಂತು. ಮಗನಿಗೆ ಆ ಎರಡೂ ಓಟ ತೋರಿಸಿ.

ಹೆಣ್ಣುಮಕ್ಕಳಿಗೆ ಇಷ್ಟು ದೂರ ಬೇಕಾ? ನಮ್ಮ ಮಗಳು ಓಡಿ ಬಂದು ಸುಸ್ತು ಅಂತ ಮಲಗಿಬಿಡುತ್ತಾಳೆ. – ತಾಯಿ, ಯಲಬುರ್ಗಾ

1973ರಲ್ಲಿ ಬೆಲ್ಜಿಯಂನ ವಾರೆಗೆಮ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಗಂಡಸರಿಗೆ 12 ಕಿ.ಮೀ., ಹೆಂಗಸರಿಗೆ ಬರೀ 4 ಕಿ.ಮೀ. ಇತ್ತು. 2017ರಿಂದ ಹಿರಿಯರಿಬ್ಬರಿಗೂ 10 ಕಿ.ಮೀ. ಅಷ್ಟು ದೂರವನ್ನು ಹೆಂಗಸರು ಓಡಬಲ್ಲರು ಅನ್ನುವುದರಲ್ಲಿ ಅನುಮಾನ ಬೇಡ ಅಕ್ಕಾ. ಬೆಳೆಯುವ ಮಕ್ಕಳಿಗೆ ಮಾತ್ರ ದೂರವನ್ನು ಮೆಲ್ಲಗೆ ಹೆಚ್ಚಿಸಬೇಕು.

ದಿನಾ ಸುಸ್ತು ಅಂದರೆ ರಕ್ತ ಕಡಿಮೆ ಇದೆಯಾ ಅಂತ ನೋಡಿಸಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡುತ್ತಾರೆ. ಮುಟ್ಟು ತಿಂಗಳುಗಟ್ಟಲೆ ನಿಂತಿದ್ದರೂ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಓಡಿ ಬಂದ ಮೇಲೆ ಬರೀ ಚಹಾ ಕೊಡಬೇಡಿ. ಎರಡು ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಒಂದು ಲೋಟ ಮಜ್ಜಿಗೆ ಕೊಡಿ. ಪರೀಕ್ಷೆಯ ವರದಿ ಬಂದ ಮೇಲೆ ನನಗೆ ಇನ್ನೊಂದು ಪತ್ರ ಹಾಕಿ.