ಮೆಡಿಕಲ್ ಸೀಟು ಸಿಗದಿದ್ದಾಗ ಯಾವ ಡಿಗ್ರಿ ಸೇರಬೇಕು?

ಅರ್ಜಿ ಹಾಕಿದ ಮೆಡಿಕಲ್ ಕಾಲೇಜುಗಳಲ್ಲಿ ಒಂದೂ ಕರೆಯಲಿಲ್ಲ, ಕೈಯಲ್ಲಿರುವುದು ಬಯೋಮೆಡಿಕಲ್ ಸೈನ್ಸ್ ಸೀಟು ಮಾತ್ರ, ‘ಸದ್ಯಕ್ಕೆ ಅದನ್ನೇ ಸೇರಿಕೋ, ಆಮೇಲೆ ಡಾಕ್ಟರ್ ಆಗಬಹುದು’ ಎಂದು ಮನೆಯವರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಸೇರಬೇಕೇ, ಬೇರೆ ಡಿಗ್ರಿ ನೋಡಬೇಕೇ, ಒಂದು ವರ್ಷ ಬಿಟ್ಟು ಮತ್ತೆ ಪ್ರಯತ್ನಿಸಬೇಕೇ ಎನ್ನುವುದು ನಿಮ್ಮ ಪ್ರಶ್ನೆ.

ನಾನೂ ಇಂಥದ್ದೇ ಸೀಟನ್ನು ಮುಂದಿಟ್ಟುಕೊಂಡು ಕೂತಿದ್ದವಳು. ಅದನ್ನು ಬಿಟ್ಟು ಆಡಿಯಾಲಜಿಗೆ ಸೇರಿದೆ. ಕಿವಿ ಪರೀಕ್ಷೆ ಮಾಡುವುದು, ಹಿಯರಿಂಗ್ ಏಡ್ ಹೊಂದಿಸುವುದು ಈಗ ನನ್ನ ದಿನದ ಕೆಲಸ. ನನ್ನ ಉತ್ತರ ಒಂದು ಕಡೆಗೆ ವಾಲಿರುತ್ತದೆ, ಅದು ಗೊತ್ತಿದ್ದೇ ಓದಿ.

ಮೊದಲು ಮನೆಯವರ ಮಾತು. ‘ಆಮೇಲೆ ಡಾಕ್ಟರ್ ಆಗಬಹುದು’ ಎನ್ನುವುದು ಎಷ್ಟು ನಿಜ ಎಂಬುದು ನೀವು ಯಾವ ದೇಶದಲ್ಲಿ ಓದುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಅಮೆರಿಕದಲ್ಲಿ ಬಹುಪಾಲು ಎಲ್ಲರಿಗೂ ಮೆಡಿಕಲ್ ಓದು ಶುರುವಾಗುವುದೇ ಒಂದು ಡಿಗ್ರಿ ಮುಗಿದ ಮೇಲೆ. ಆ ಡಿಗ್ರಿ ಇಂಥ ವಿಷಯದಲ್ಲೇ ಆಗಿರಬೇಕೆಂಬ ಕಟ್ಟಳೆಯಿಲ್ಲ. ಬೇಕಾದ ವಿಜ್ಞಾನದ ಪೇಪರ್‌ಗಳನ್ನು ಮುಗಿಸಿ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದರೆ ಇತಿಹಾಸ ಓದಿದವರೂ ಅರ್ಜಿ ಹಾಕಬಹುದು. ಬ್ರಿಟನ್‌ನಲ್ಲಿ ಪದವೀಧರರಿಗೆಂದೇ ನಾಲ್ಕು ವರ್ಷದ ಕೋರ್ಸ್‌ಗಳಿವೆ, ಆದರೆ ಸೀಟು ಕಡಿಮೆ, ಪೈಪೋಟಿ ವಿಪರೀತ, ಸಾಮಾನ್ಯವಾಗಿ ಡಿಗ್ರಿಯಲ್ಲಿ 2:1 (ಅಲ್ಲಿನ ಎರಡನೇ ಅತ್ಯುನ್ನತ ದರ್ಜೆ) ಆದರೂ ಬೇಕು. ಆಸ್ಟ್ರೇಲಿಯಾ ಮತ್ತು ಐರ್ಲೆಂಡ್‌ನಲ್ಲಿ ಪದವೀಧರರಿಗಾಗಿರುವ ಗ್ಯಾಮ್‌ಸ್ಯಾಟ್ ಪ್ರವೇಶ ಪರೀಕ್ಷೆ ಬರೆದು ಹೋಗುವ ದಾರಿ ಇದೆ. ಭಾರತದಲ್ಲಿ ಈ ಬಾಗಿಲೇ ಇಲ್ಲ. ಬಿಎಸ್‌ಸಿ ಮುಗಿಸಿದವರೂ ನೀಟ್ ಬರೆದು, ಹನ್ನೆರಡನೇ ತರಗತಿ ಮುಗಿಸಿ ಬಂದವರ ಜೊತೆ ಅದೇ ಪಟ್ಟಿಯಲ್ಲಿ ನಿಲ್ಲಬೇಕು. ಸೀಟು ಸಿಕ್ಕರೂ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್, ಎರಡರಲ್ಲೂ ಒಂದು ದಿನದ ರಿಯಾಯಿತಿ ಇಲ್ಲ. ಹಾಗಾಗಿ ಭಾರತದಲ್ಲಿ ಬಯೋಮೆಡಿಕಲ್ ಡಿಗ್ರಿಯನ್ನು ಎಂಬಿಬಿಎಸ್‌ಗೆ ಮೆಟ್ಟಿಲು ಎಂದುಕೊಂಡು ಸೇರಿದರೆ ಆ ಮೆಟ್ಟಿಲು ಎಲ್ಲಿಗೂ ಹತ್ತಿಸುವುದಿಲ್ಲ.

ಬಾಗಿಲು ಇರುವ ದೇಶಗಳಲ್ಲೂ ಒಂದು ವಿಷಯ ಮರೆಯಬೇಡಿ. ಅಲ್ಲಿ ಮೊದಲು ನೋಡುವುದು ನಿಮ್ಮ ಡಿಗ್ರಿಯ ಅಂಕ. ಮನಸ್ಸಿಲ್ಲದ ವಿಷಯವನ್ನು ಮೂರು ವರ್ಷ ಓದಿ ಒಳ್ಳೆಯ ದರ್ಜೆ ತೆಗೆಯುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ. ಮೆಡಿಸಿನ್‌ಗೆ ಹತ್ತಿರ ಅನ್ನಿಸಿದ ಡಿಗ್ರಿಯೇ ಕಡಿಮೆ ಅಂಕದಿಂದಾಗಿ ನಿಮ್ಮನ್ನು ದೂರ ಇಡಬಹುದು.

ಇನ್ನು ಬಯೋಮೆಡಿಕಲ್ ಸೈನ್ಸ್. ಇದು ರಕ್ತ, ಅಂಗಾಂಶ, ಸೂಕ್ಷ್ಮಜೀವಿಗಳ ಓದು. ಡಾಕ್ಟರು ಬರೆದುಕೊಟ್ಟ ಪರೀಕ್ಷೆಗೆ ಉತ್ತರ ಹುಡುಕುವ ಲ್ಯಾಬಿನ ಕೆಲಸ. ಲುಕೇಮಿಯಾ (ರಕ್ತದ ಕ್ಯಾನ್ಸರ್) ಇದೆ ಎಂದು ರೋಗಿಗೆ ತಿಳಿಸುವವರು ಡಾಕ್ಟರಾದರೂ ಸ್ಲೈಡಿನಲ್ಲಿ ಆ ಜೀವಕೋಶವನ್ನು ಮೊದಲು ಕಾಣುವವರು ಬಹಳ ಸಲ ಲ್ಯಾಬಿನಲ್ಲಿರುವವರೇ. ದೊಡ್ಡ ಕೆಲಸ, ನನಗೆ ಅದರ ಬಗ್ಗೆ ತುಂಬು ಗೌರವವಿದೆ. ಆದರೆ ಆ ಕೆಲಸದಲ್ಲಿ ರೋಗಿಯ ಮುಖ ಕಾಣುವುದು ಅಪರೂಪ. ಸೀಟು ಸಿಗದೆ ಬಂದವರಲ್ಲಿ ಎಷ್ಟೋ ಜನಕ್ಕೆ ಇದು ಎರಡನೇ ವರ್ಷದಲ್ಲಿ ಗೊತ್ತಾಗುತ್ತದೆ. ಹೆಸರಿನಲ್ಲಿ ‘ಮೆಡಿಕಲ್’ ಇದೆ ಎಂದು ಬಂದವರು ಜನರಿಗಾಗಿ ಹಂಬಲಿಸತೊಡಗುತ್ತಾರೆ.

ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ್ದು ಒಂದೇ: ಡಾಕ್ಟರ್ ಕೆಲಸದಲ್ಲಿ ನಿಮಗೆ ಬೇಕಿದ್ದ ಭಾಗ ಯಾವುದು? ಒಬ್ಬ ಮನುಷ್ಯನ ಎದುರು ಕೂತು ಅವನ ಕಷ್ಟ ಕೇಳುವುದೇ, ರೋಗದ ಗುಟ್ಟು ಬಿಡಿಸುವುದೇ, ಕೈಯಿಂದ ಮಾಡುವ ಕುಶಲ ಕೆಲಸವೇ? ಸಮಾಜದಲ್ಲಿ ಸಿಗುವ ಸ್ಥಾನವೂ ಕಾರಣವಾಗಿರಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಅದೊಂದೇ ಕಾರಣವಾಗಿದ್ದರೆ ಆರೋಗ್ಯ ಕ್ಷೇತ್ರದ ಆಚೆಗೂ ಧಾರಾಳವಾಗಿ ನೋಡಿ.

ನನಗೆ ಬೇಕಿದ್ದದ್ದು ಮೊದಲನೆಯದು. ಎದುರಿಗೆ ಜನ ಇರಬೇಕಿತ್ತು. ಅದು ಆಡಿಯಾಲಜಿಯಲ್ಲಿ ಸಿಕ್ಕಿತು, ಜೊತೆಗೆ ನಾನು ಎಣಿಸಿರದ ಒಂದು ವಿಜ್ಞಾನವೂ ಸಿಕ್ಕಿತು. ಆರೋಗ್ಯವಾಗಿರುವ ಕಿವಿ ಹೊರಗಿನ ಸದ್ದು ಕೇಳಿಸಿಕೊಳ್ಳುವುದರ ಜೊತೆಗೆ ತಾನೂ ತೀರ ಸಣ್ಣ ಸದ್ದು ಹೊರಡಿಸುತ್ತದೆ ಎನ್ನುವುದು ನಿಮಗೆ ಗೊತ್ತೇ? 1978ರಲ್ಲಿ ಡೇವಿಡ್ ಕೆಂಪ್ ಅದನ್ನು ಅಳೆದು ತೋರಿಸಿದರು. ಅವರು ಡಾಕ್ಟರಲ್ಲ, ಫಿಸಿಕ್ಸ್ ಓದಿದವರು. ಆ ಸದ್ದನ್ನು ಹಿಡಿಯುವ ಪುಟ್ಟ ಪ್ರೋಬನ್ನು ಈಗ ನಾವು ನವಜಾತ ಶಿಶುವಿನ ಕಿವಿಗಿಡುತ್ತೇವೆ. ಮಗು ನಿದ್ದೆ ಮಾಡುತ್ತಿರುವಾಗಲೇ, ಕೆಲವೇ ನಿಮಿಷದಲ್ಲಿ, ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಕೂದಲುಕೋಶಗಳು ಕೆಲಸ ಮಾಡುತ್ತಿವೆಯೋ ಇಲ್ಲವೋ ಎಂಬ ಸುಳಿವು ಸಿಗುತ್ತದೆ. ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ, ಇದು ನಮ್ಮ ಕ್ಷೇತ್ರದ ಗುರಿ. ಯಾಕೆಂದರೆ ಭಾಷೆ ಮಗುವಿನೊಳಗೆ ಇಳಿಯುವುದು ಆ ಮೊದಲ ವರ್ಷಗಳಲ್ಲೇ. ಕೇಳಿಸುವುದು ಕಡಿಮೆ ಎಂದು ತಂದೆತಾಯಿಗೆ ಹೇಳಬೇಕಾದ ದಿನ ನನ್ನ ಮಾತೂ ತಡವರಿಸುತ್ತದೆ. ಅದೇ ಮಗು ಕೆಲವು ತಿಂಗಳ ನಂತರ ಹಿಯರಿಂಗ್ ಏಡ್ ಹಾಕಿಕೊಂಡು ಅಮ್ಮನ ದನಿ ಬಂದ ಕಡೆ ತಿರುಗಿದಾಗ ಆ ಕೋಣೆಯಲ್ಲಿ ನಾನೂ ಇರುತ್ತೇನೆ. ಎಂಬಿಬಿಎಸ್ ಓದಿದ್ದರೆ ಇದು ನನಗೆ ಸಿಗುತ್ತಿತ್ತು ಎನ್ನುವ ಖಾತ್ರಿ ಏನೂ ಇಲ್ಲ.

ನೀವೂ ಆಡಿಯಾಲಜಿ ಓದಿ ಎಂದು ಹೇಳುತ್ತಿಲ್ಲ. ಫಿಸಿಯೋಥೆರಪಿ, ಆಪ್ಟೋಮೆಟ್ರಿ (ಕಣ್ಣಿನ ಪರೀಕ್ಷೆ), ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ), ರೇಡಿಯೋಗ್ರಫಿ, ಎಲ್ಲದರಲ್ಲೂ ರೋಗಿ ಎದುರಿಗಿರುತ್ತಾರೆ. ನರ್ಸಿಂಗ್ ಅನ್ನು ಬೇಕೆಂದೇ ಬೇರೆಯಾಗಿ ಹೇಳುತ್ತೇನೆ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಅತಿ ಹೆಚ್ಚು ಹೊತ್ತು ಇರುವವರು ನರ್ಸ್‌ಗಳು. ಡಾಕ್ಟರಾಗಬೇಕೆಂದಿದ್ದವರು ನರ್ಸಿಂಗನ್ನು ಪಟ್ಟಿಗೂ ಸೇರಿಸದೆ ಬಿಡುವುದು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ರೋಗದ ಗುಟ್ಟೇ ನಿಮ್ಮನ್ನು ಸೆಳೆದಿದ್ದರೆ ಬಯೋಮೆಡಿಕಲ್ ಒಳ್ಳೆಯ ಆಯ್ಕೆ. ಬಯೋಕೆಮಿಸ್ಟ್ರಿ, ಫಾರ್ಮಸಿ, ಜೆನೆಟಿಕ್ಸ್ ಕೂಡ. ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ತಾತ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಆಕೆಗೆ 15 ವರ್ಷ. ಆ ರೋಗದ ವಿರುದ್ಧ ಏನಾದರೂ ಮಾಡಬೇಕೆಂದು ಆಕೆ ಆರಿಸಿಕೊಂಡದ್ದು ಕೆಮಿಸ್ಟ್ರಿ. ಮಕ್ಕಳ ಲುಕೇಮಿಯಾಗೆ ಇಂದಿಗೂ ಕೊಡುವ ಮರ್ಕ್ಯಾಪ್ಟೋಪ್ಯೂರಿನ್ ಎಂಬ ಔಷಧ ಆಕೆಯ ಕೆಲಸದಿಂದ ಬಂದದ್ದು. 1988ರ ವೈದ್ಯಕೀಯ ನೊಬೆಲ್ ಹಂಚಿಕೊಂಡವರಲ್ಲಿ ಆಕೆಯೂ ಒಬ್ಬರು. ಮಲೇರಿಯಾಗೆ ಆರ್ಟಿಮಿಸಿನಿನ್ ಎಂಬ ಔಷಧ ಕಂಡುಹಿಡಿದು 2015ರ ನೊಬೆಲ್ ಪಡೆದ ಚೀನಾದ ತು ಯೂಯೂ ಓದಿದ್ದು ಫಾರ್ಮಸಿ. ಎಲ್ಲರೂ ನೊಬೆಲ್ ತರಬೇಕೆಂದಲ್ಲ. ರೋಗದ ಜೊತೆ ಹೋರಾಡುವವರೆಲ್ಲ ಸ್ಟೆತೊಸ್ಕೋಪ್ ಹಾಕಿಕೊಂಡಿರುವುದಿಲ್ಲ, ಅಷ್ಟೇ.

ಸೇರುವ ಮುಂಚೆ ತಪ್ಪದೆ ನೋಡಬೇಕಾದ್ದು, ಆ ಡಿಗ್ರಿ ಮುಗಿದ ಮರುದಿನ ನೀವು ಕೆಲಸ ಮಾಡಬಹುದೇ ಎನ್ನುವುದು. ಒಂದೇ ವೃತ್ತಿಗೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಹತೆ. ಬ್ರಿಟನ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಲು ಬ್ಯಾಚುಲರ್ ಡಿಗ್ರಿ ಸಾಕು, ಅಮೆರಿಕದಲ್ಲಿ ಡಾಕ್ಟರೇಟ್ ಮಟ್ಟದ ಡಿಪಿಟಿ (ಡಾಕ್ಟರ್ ಆಫ್ ಫಿಸಿಕಲ್ ಥೆರಪಿ) ಬೇಕು. ಸೈಕಾಲಜಿಯಲ್ಲಿ ಬಿಎ ಮಾಡಿದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಬ್ರಿಟನ್‌ನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಎಂದು ನೋಂದಣಿಯಾಗಲು ಮಾನ್ಯತೆ ಪಡೆದ ಕೋರ್ಸ್ ಜೊತೆಗೆ ಲ್ಯಾಬಿನಲ್ಲಿ ತರಬೇತಿಯೂ ಆಗಿರಬೇಕು. ನಿಮ್ಮ ಸೀಟಿಗೆ ಈ ಮಾನ್ಯತೆಯ ವಿಚಾರ ಏನೆಂದು ವಿಶ್ವವಿದ್ಯಾಲಯಕ್ಕೇ ಬರೆದು ಕೇಳಿ. ಕೊನೆಯ ವರ್ಷದ ಟೈಮ್‌ಟೇಬಲ್ ಕೂಡ ತರಿಸಿಕೊಳ್ಳಿ. ಮೊದಲ ವರ್ಷ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ, ಕೆಲಸದ ನಿಜರೂಪ ಕಾಣುವುದು ಕೊನೆಯ ವರ್ಷದಲ್ಲಿ.

ಒಂದು ವರ್ಷ ಬಿಡುವ ಬಗ್ಗೆ: ಎಲ್ಲಿ ತಡೆಯಾಯಿತು ಎನ್ನುವುದನ್ನು ನೋಡಿ ನಿರ್ಧರಿಸಿ. ಅಂಕ ಸರಿಯಿದ್ದು ಸಂದರ್ಶನದಲ್ಲಿ ಹೋಗಿದ್ದರೆ, ಅಥವಾ ಕಟ್‌ಆಫ್‌ಗೆ ಕೂದಲೆಳೆಯಷ್ಟು ದೂರ ಉಳಿದಿದ್ದರೆ, ಮತ್ತೊಂದು ಪ್ರಯತ್ನಕ್ಕೆ ಅರ್ಥವಿದೆ. ಅಂತರ ದೊಡ್ಡದಿದ್ದರೆ, ಓದುವ ರೀತಿಯಲ್ಲಿ ಏನು ಬದಲಾಗುತ್ತದೆ ಎಂದು ಕಾಗದದ ಮೇಲೆ ಬರೆಯಲು ಆಗುತ್ತದೆಯೇ ನೋಡಿ. ಬರೆಯಲಾಗದಿದ್ದರೆ ಆ ವರ್ಷ ಬಿಡಬೇಡಿ. ಡಿಗ್ರಿಗೆ ಸೇರಿಕೊಂಡೇ ಮತ್ತೆ ಬರೆಯುತ್ತೇನೆ ಎನ್ನುವುದಾದರೆ ನಿಯಮ ಮೊದಲು ಓದಿ. ಅರ್ಧಕ್ಕೆ ಡಿಗ್ರಿ ಬಿಟ್ಟು ಬರುವವರನ್ನು ತೆಗೆದುಕೊಳ್ಳದ ಮೆಡಿಕಲ್ ಕಾಲೇಜುಗಳೂ ಇವೆ.

ನೀವು ಯಾವ ದೇಶದಲ್ಲಿದ್ದೀರಿ, ತಡೆಯಾದದ್ದು ಅಂಕದಲ್ಲೋ ಸಂದರ್ಶನದಲ್ಲೋ, ಈ ಸೀಟಿಗೆ ಒಪ್ಪಿಗೆ ತಿಳಿಸಲು ಕೊನೆಯ ದಿನ ಯಾವಾಗ, ಇಷ್ಟು ಬರೆದರೆ ಇನ್ನೂ ನಿಖರವಾಗಿ ಹೇಳಬಲ್ಲೆ. ಅಷ್ಟರಲ್ಲಿ ಸಾಧ್ಯವಾದರೆ ಯಾವುದಾದರೂ ಲ್ಯಾಬಿನಲ್ಲಿ ಒಂದು ದಿನ, ಫಿಸಿಯೋಥೆರಪಿ ಅಥವಾ ಶ್ರವಣ ವಿಭಾಗದಲ್ಲಿ ಒಂದು ದಿನ ಕೂತು ನೋಡಲು ಅನುಮತಿ ಕೇಳಿ.