ಕಂಪ್ಯೂಟರ್ ಬಂತು, ಲೆಡ್ಜರ್ ಹೋಗಲಿಲ್ಲ

ತಿಪಟೂರು ಕಡೆಯ ಓದುಗರೊಬ್ಬರ ಪತ್ರ: ‘ನಮ್ಮ ಸಹಕಾರ ಸಂಘಕ್ಕೆ ಕಂಪ್ಯೂಟರ್ ಬಂದಿದೆ. ಗುಮಾಸ್ತರು ಮೊದಲು ಲೆಡ್ಜರಿಗೆ ಬರೆದು, ಆಮೇಲೆ ಅದನ್ನೇ ಟೈಪ್ ಮಾಡುತ್ತಾರೆ. ಡಿಜಿಟಲ್ ಪರಿವರ್ತನೆ ಅಂತ ಮ್ಯಾನೇಜ್‌ಮೆಂಟ್ ಪ್ರೊಫೆಸರುಗಳು ವರ್ಷಗಟ್ಟಲೆ ಸಂಶೋಧನೆ ಮಾಡ್ತಾರಂತೆ. ಸಾಫ್ಟ್‌ವೇರ್ ಕೊಂಡು ಕಲಿಸಿದರೆ ಮುಗೀತಲ್ಲ, ಅದರಲ್ಲೇನಿದೆ?’

ಸಂಪಾದಕರ ಉತ್ತರ:

ನಿಮ್ಮ ಗುಮಾಸ್ತರೇ ಒಳ್ಳೆಯ ಸಂಶೋಧನಾ ವಿಷಯ, ಸ್ವಾಮಿ. ತಮಾಷೆಗೆ ಹೇಳುತ್ತಿಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಶಾಲೆ ಸ್ಲೋನ್ ಸ್ಕೂಲಿನ ಪ್ರಾಧ್ಯಾಪಕಿ ವಾಂಡಾ ಓರ್ಲಿಕೋವ್ಸ್ಕಿ ಇಂಥದ್ದನ್ನೇ ಹತ್ತಿರದಿಂದ ನೋಡಿದವರು. ಅವರ ಅಧ್ಯಯನ ಪ್ರಕಟವಾದದ್ದು 1992ರಲ್ಲಿ. ದೊಡ್ಡ ಸಲಹಾ ಕಂಪನಿಯೊಂದು ತನ್ನ ನೌಕರರಿಗೆಲ್ಲ ಲೋಟಸ್ ನೋಟ್ಸ್ ಎಂಬ ಸಾಫ್ಟ್‌ವೇರ್ ಹಾಕಿಸಿಕೊಡುತ್ತಿತ್ತು. ಒಬ್ಬರಿಗೆ ಗೊತ್ತಿದ್ದದ್ದು ಎಲ್ಲರಿಗೂ ಸಿಗಲಿ ಎಂಬ ಆಸೆ. ಆದರೆ ಹೆಚ್ಚಿನವರು ಏನನ್ನೂ ಹಂಚಿಕೊಳ್ಳಲಿಲ್ಲ. ಯಾಕೆ ಹಂಚಿಕೊಳ್ಳಬೇಕು ಹೇಳಿ? ಅಲ್ಲಿ ಬಡ್ತಿ ಸಿಗದಿದ್ದರೆ ಕೆಲಸ ಬಿಟ್ಟು ಹೊರಡಬೇಕು. ಪಕ್ಕದ ಸೀಟಿನವರಿಗಿಂತ ಒಂದು ವಿಷಯ ಜಾಸ್ತಿ ಗೊತ್ತಿರುವುದೇ ಬಂಡವಾಳ. ಇನ್ನೊಂದು ತೊಡಕು: ಪ್ರತಿ ಗಂಟೆಯನ್ನೂ ಯಾವುದಾದರೂ ಗ್ರಾಹಕರ ಬಿಲ್ಲಿಗೆ ಹಾಕಬೇಕು. ಹೊಸ ಸಾಫ್ಟ್‌ವೇರ್ ಕಲಿತ ಗಂಟೆಯನ್ನು ಯಾರ ಬಿಲ್ಲಿಗೆ ಹಾಕೋದು? ಕೆಲವರಂತೂ ಅದು ಏನಕ್ಕೆ ಅಂತಲೇ ತಿಳಿಯದೆ ಸುಮ್ನೆ ಬಿಟ್ಟರು.

ಸಾಫ್ಟ್‌ವೇರಿನಲ್ಲಿ ದೋಷವಿರಲಿಲ್ಲ. ಯಾರಿಗೆ ಲಾಭ, ಯಾರ ಕುತ್ತಿಗೆಗೆ ಹೊಣೆ ಎಂಬುದು ಮಾತ್ರ ಹಳೆಯದೇ ಉಳಿದಿತ್ತು. ಪ್ರೊಫೆಸರುಗಳು ಹುಡುಕುವುದು ಇದನ್ನೇ.

ನಮ್ಮ ‘ಭೂಮಿ’ ಯೋಜನೆ ನೆನಪಿದೆಯಲ್ವಾ? ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಹೆಜ್ಜೆ ಬೇರೆ ಇತ್ತು. ಕೈಬರಹದ ಪಹಣಿ ಇನ್ನು ಮುಂದೆ ಊರ್ಜಿತವಲ್ಲ ಎಂದು ಸರ್ಕಾರ ಹೇಳಿಬಿಟ್ಟಿತು. ಗ್ರಾಮ ಲೆಕ್ಕಿಗರ ಕಂಕುಳಲ್ಲಿದ್ದ ಪುಸ್ತಕದ ಬಲ ಹೋಯಿತು. ಹಳೆಯದನ್ನೂ ಹಾಗೇ ಇಟ್ಟುಕೊಂಡಿದ್ದರೆ ಜನ ಮತ್ತೆ ಅವರ ಮನೆ ಬಾಗಿಲಿಗೇ ಹೋಗುತ್ತಿದ್ದರು. ಹಾಗಂತ ಎಲ್ಲವೂ ಸರಿಹೋಯಿತು ಅಂತಲ್ಲ. ಜಮೀನಿನ ಖಾತೆ ಬದಲಾವಣೆಗೆ ಕಂಪ್ಯೂಟರಿನ ಆಚೆ ಜನರೂ ಬೇಕು, ಅವರ ಸಹಿಯೂ ಬೇಕು.

ನಿಮ್ಮ ಗುಮಾಸ್ತರ ವಿಷಯಕ್ಕೆ ಬರೋಣ. ನಾಳೆ ಲೆಕ್ಕ ತಾಳೆಯಾಗದಿದ್ದರೆ ಅವರನ್ನು ಕಾಪಾಡುವುದು ಲೆಡ್ಜರೇ ಅಂತ ಅವರ ನಂಬಿಕೆ ಇರಬೇಕು. ಅದು ಸೋಮಾರಿತನ ಅಲ್ಲ. ಈ ಸಲದ ಮಹಾಸಭೆಯಲ್ಲಿ ಎದ್ದು ಕೇಳಿ: ಆಡಿಟರ್ ಯಾವುದನ್ನು ಒಪ್ಪುತ್ತಾರೆ, ಪುಸ್ತಕವನ್ನೋ ಕಂಪ್ಯೂಟರನ್ನೋ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ.