ಬೋರ್ಡಿನ ಮೇಲೆ ಬರೆಸಿದ ತೂಕ

ಮೇಡಂ ಅನ್ನಬೇಡಿ, ಅಕ್ಕ ಅಂದರೆ ಸಾಕು. ನಿಮ್ಮ ಪತ್ರ ಎರಡು ಸಲ ಓದಿದೆ. ಇಂಗ್ಲೆಂಡಿಗೆ ಬಂದು ನಾಲ್ಕು ತಿಂಗಳು. ಇಯರ್ 8ರ ಗಣಿತದ ಕ್ಲಾಸಿನಲ್ಲಿ ಸರಾಸರಿ ಹೇಳಿಕೊಡಲು ಮಕ್ಕಳ ತೂಕ ನೋಡಿಸಿ, ಹೆಸರಿನ ಮುಂದೆ ಬೋರ್ಡಿನ ಮೇಲೆ ಬರೆಸಿದಿರಿ. ಒಬ್ಬ ಹುಡುಗಿಯ ತಾಯಿ ಹೆಡ್‌ಟೀಚರ್‌ಗೆ ಇಮೇಲ್ ಹಾಕಿದ್ದಾರೆ. ಗುರುವಾರ ಮೀಟಿಂಗ್. ಕೆಲಸ ಹೋಗುತ್ತಾ, ವೀಸಾ ಹೋಗುತ್ತಾ, ಆ ತಾಯಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿಬಿಡಲಾ ಅಂತ ಕೇಳಿದ್ದೀರಿ.

ಫೋನ್ ಮಾತ್ರ ಮಾಡಬೇಡಿ. ದೂರು ಹೆಡ್ ಕೈ ಸೇರಿದ ಮೇಲೆ ಅದಕ್ಕೆ ಉತ್ತರ ಕೊಡುವುದು ಶಾಲೆಯ ಕೆಲಸ. ನೀವು ಒಳ್ಳೆಯ ಮನಸ್ಸಿನಿಂದಲೇ ಮಾಡಿದರೂ, ಬಾಯಿ ಮುಚ್ಚಿಸಲು ಫೋನ್ ಮಾಡಿದರು ಅನ್ನಿಸಿಬಿಡುತ್ತದೆ.

ವೀಸಾದ ಭಯ ಸುಮ್ನೆ ಹುಟ್ಟಿದ್ದಲ್ಲ, ಗೊತ್ತು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರ ಕೆಲಸ ನಿಂತರೆ ಶಾಲೆ ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹೋಮ್ ಆಫೀಸಿಗೆ ತಿಳಿಸಬೇಕು. ಆಮೇಲೆ ಸಾಮಾನ್ಯವಾಗಿ 60 ದಿನದ ಗಡುವು. ಅಷ್ಟರಲ್ಲಿ ಬೇರೆ ಸ್ಪಾನ್ಸರ್, ಅಂದರೆ ವೀಸಾಕ್ಕೆ ಹೊಣೆ ನಿಲ್ಲುವ ಇನ್ನೊಂದು ಕೆಲಸದ ಜಾಗ, ಸಿಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಆದರೆ ಪೋಷಕರ ದೂರೇ ಬೇರೆ, ನೌಕರರ ಮೇಲಿನ ಶಿಸ್ತು ಕ್ರಮವೇ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ವಿಚಾರಣೆ, ಎಚ್ಚರಿಕೆ, ಮೇಲ್ಮನವಿ ಅಂತ ಹಲವು ಮೆಟ್ಟಿಲು ಇವೆ. ಇಂಥ ಒಂದು ಇಮೇಲಿನಿಂದ ಯಾರದಾದರೂ ಕೆಲಸ ಹೋಗಿದ್ದನ್ನು ಈ 18 ವರ್ಷದಲ್ಲಿ ನಾನು ಕಂಡಿಲ್ಲ.

ಇಲ್ಲಿ ದೂರು ಅನ್ನುವುದು ಮಾಮೂಲಿ. ಸ್ಥಳೀಯ ಕೌನ್ಸಿಲ್ ಮೂಲಕ ಸರ್ಕಾರಿ ದುಡ್ಡು ಪಡೆಯುವ ಶಾಲೆ ದೂರು ವಿಚಾರಿಸುವ ಕ್ರಮವನ್ನು ಬರೆದಿಟ್ಟಿರಲೇಬೇಕು ಅಂತ 2002ರ ಶಿಕ್ಷಣ ಕಾಯ್ದೆಯೇ ಹೇಳುತ್ತದೆ. ಅಕಾಡೆಮಿಗಳಿಗೆ, ಅಂದರೆ ಕೌನ್ಸಿಲ್ ಕೈಯಲ್ಲಿಲ್ಲದೆ ನೇರ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಗಳಿಗೆ, ನಿಯಮ ಬೇರೆ, ತಿರುಳು ಒಂದೇ. ಮೊದಲು ಬಾಯಿಮಾತಿನಲ್ಲಿ ಬಗೆಹರಿಸುವುದು, ಆಗದಿದ್ದರೆ ಬರಹದಲ್ಲಿ ದೂರು, ಅದೂ ಸಾಲದಿದ್ದರೆ ಸಮಿತಿಯ ಮುಂದೆ. ನಿಮ್ಮ ಶಾಲೆಯ ವೆಬ್‌ಸೈಟಿನಲ್ಲೇ ಇರುತ್ತದೆ, ಇವತ್ತೇ ಓದಿ. ನೇರವಾಗಿ ಹೆಡ್‌ಗೆ ಬಂದ ಇಮೇಲೂ ಎಷ್ಟೋ ಸಲ ಕೆಳಗಿಳಿದು ಹೆಡ್ ಆಫ್ ಡಿಪಾರ್ಟ್‌ಮೆಂಟ್ ಟೇಬಲ್ಲಿಗೆ ಬರುತ್ತದೆ, ಅಲ್ಲೇ ಮುಗಿಯುತ್ತದೆ.

ಗುರುವಾರದ ಮೊದಲು ಒಂದು ಸಾಲು ಬರೆದು ಕೇಳಿ: ಇದು ಬರೀ ಮಾತುಕತೆಯಾ, ಶಿಸ್ತು ಕ್ರಮದ ಮೀಟಿಂಗಾ? ಎರಡನೆಯದಾದರೆ ಯೂನಿಯನ್‌ನವರನ್ನೋ ಸಹೋದ್ಯೋಗಿಯನ್ನೋ ಜೊತೆಗೆ ಕರೆದುಕೊಂಡು ಹೋಗುವ ಹಕ್ಕು 1999ರ ಉದ್ಯೋಗ ಸಂಬಂಧಗಳ ಕಾಯ್ದೆಯಿಂದ ಇದೆ. ನೀವು ಯೂನಿಯನ್ ಸೇರಿಲ್ಲ ಅಂತ ನನ್ನ ಊಹೆ. ಹೊಸದಾಗಿ ಬಂದವರು ಯಾರೂ ಸೇರುವುದಿಲ್ಲ, ಅದೇನೋ ಮುಷ್ಕರ ಮಾಡುವವರ ಗುಂಪು ಅಂದುಕೊಂಡಿರುತ್ತಾರೆ. ಈಗಲೇ ಸೇರಿ. ಸೇರುವ ಮೊದಲೇ ಶುರುವಾದ ತಕರಾರಿಗೆ ಸಾಮಾನ್ಯವಾಗಿ ಅವರು ನಿಲ್ಲುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮುಂದಕ್ಕಾದರೂ ಆಗುತ್ತದೆ.

ಇವತ್ತು ರಾತ್ರಿ ಒಂದು ಪುಟ ಬರೆದಿಡಿ. ಏನು ಹೇಳಿದಿರಿ, ಮಕ್ಕಳು ಏನಂದರು, ಯಾರಾದರೂ ನಕ್ಕರಾ. ನಕ್ಕಿದ್ದರೆ ಅದನ್ನೂ ಬರೆಯಿರಿ. ಆ ತಾಯಿಯ ಬಗ್ಗೆ ಮಾತ್ರ ಒಂದಕ್ಷರ ಬೇಡ, ಸ್ಟಾಫ್ ವಾಟ್ಸಾಪ್ ಗುಂಪಿನಲ್ಲೂ ಬೇಡ. ಶಾಲೆಯಲ್ಲಿ ತಮ್ಮ ಬಗ್ಗೆ, ಮಗುವಿನ ಬಗ್ಗೆ ಏನೇನು ಬರೆದಿದೆ ಅಂತ ಕೇಳಿ ಪಡೆಯುವ ಹಕ್ಕು ಇಲ್ಲಿ ಕಾನೂನಿನಲ್ಲಿದೆ. "ಆಕೆಗೆ ಬೇರೆ ಕೆಲಸ ಇಲ್ಲ" ಅಂತ ಬರೆದ ಸಾಲು ಆಕೆಯ ಕೈಗೇ ಹೋಗಬಹುದು.

ಈಗ ನನ್ನ ಕಥೆ. ನಾನು ಬಂದ ಮೂರನೇ ವರ್ಷ, ಇಯರ್ 9ಕ್ಕೆ ಅನುವಂಶೀಯತೆ ಪಾಠ. ಮನೆಗೆಲಸಕ್ಕೆ ಒಂದು ಹಾಳೆ ಕೊಟ್ಟೆ. ನಾಲಿಗೆ ಸುರುಳಿ ಮಾಡಲು ಬರುತ್ತಾ, ಕೆನ್ನೆಯಲ್ಲಿ ಗುಳಿ ಬೀಳುತ್ತಾ, ಕಿವಿಯ ಹಾಲೆ ಅಂಟಿದೆಯಾ. ಮೂರು ಕಾಲಂ: ನಾನು, ಅಮ್ಮ, ಅಪ್ಪ. ಮಕ್ಕಳಿಗೆ ಖುಷಿಯೋ ಖುಷಿ. ಮಾರನೇ ವಾರ ದೂರು ಬಂತು. ಮೀಟಿಂಗಿನಲ್ಲಿ ನಾನು ಹತ್ತು ನಿಮಿಷ ಬಿಡದೆ ಮಾತಾಡಿದೆ. ಸಿಲಬಸ್ಸಿನಲ್ಲಿದೆ ಅಂದೆ, ಊರಿನಲ್ಲಿ ಎಷ್ಟು ವರ್ಷ ಪಾಠ ಮಾಡಿದ್ದೆ ಅಂದೆ, ಫಲಿತಾಂಶ ಎಷ್ಟಿತ್ತು ಅಂದೆ. ಎದುರಿಗೆ ಕೂತಿದ್ದ ಹೆಂಗಸು ಏನೂ ಹೇಳಲಿಲ್ಲ. ಚೀಲದಿಂದ ಆ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅಪ್ಪ ಅನ್ನುವ ಕಾಲಂನಲ್ಲಿ ರಬ್ಬರ್‌ನಿಂದ ಉಜ್ಜಿ ಉಜ್ಜಿ ಕಾಗದ ತೂತಾಗಿತ್ತು. ಅಮ್ಮನ ಕಾಲಂನಲ್ಲಿ ಬರೆದಿದ್ದು, ಅಳಿಸಿದ್ದು, ಮತ್ತೆ ಬರೆದಿದ್ದು. ಆಕೆ ಆ ಹುಡುಗನ ಸಾಕುತಾಯಿ. ಕ್ಲಾಸ್ ಲಿಸ್ಟಿನಲ್ಲಿ ಅವನ ಹೆಸರಿನ ಮುಂದೆ ಗುರುತು ಇತ್ತು. ನಾನು ನೋಡಿರಲಿಲ್ಲ.

ತಮಾಷೆ ಅಂದರೆ, ಆ ಪಾಠವೇ ಪೂರ್ತಿ ಸರಿ ಇರಲಿಲ್ಲ. ನಾಲಿಗೆ ಸುರುಳಿ ಮಾಡುವುದು ಒಂದೇ ಜೀನಿನ ಆಟವಲ್ಲ. ಒಂದೇ ಥರ ಇರುವ ಅವಳಿಗಳಲ್ಲೂ ಕೆಲವೊಮ್ಮೆ ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ ಅನ್ನುವುದು 1952ರಲ್ಲೇ ಗೊತ್ತಾಗಿತ್ತು. ಅಷ್ಟು ಜೋರಾಗಿ ಸಮರ್ಥಿಸಿಕೊಂಡಿದ್ದು ಅದನ್ನು!

ಅದಕ್ಕೇ ಹೇಳುವುದು, ಮೀಟಿಂಗಿನಲ್ಲಿ ಕಡಿಮೆ ಮಾತಾಡಿ. ಸರಾಸರಿ ಹೇಳಿಕೊಡಲೇಬೇಕು, ಅದಕ್ಕೆ ಕ್ಷಮೆ ಬೇಡ. ತೂಕವೇ ಬೇಕಿರಲಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಅದು ಎಷ್ಟು ಚುಚ್ಚುತ್ತದೆ ಅಂತ ನಿಮಗೂ ಗೊತ್ತು ಅಲ್ವಾ? "ತೂಕ ಆರಿಸಿದ್ದು ತಪ್ಪು, ಇನ್ನು ಮಾಡುವುದಿಲ್ಲ" ಅಂತ ಹೇಳಿ ನಿಲ್ಲಿಸಿ. ಹಿಂದೆಯೇ "ಆದರೆ" ಬರಬಾರದು. ಹೊಸಬಳು, ಗೊತ್ತಾಗಲಿಲ್ಲ, ದಯವಿಟ್ಟು ಅಂತ ಅಂಗಲಾಚುವುದೂ ಬೇಡ.

ಎಲ್ಲ ದೂರಿಗೂ ಹೀಗೆ ತಲೆಬಾಗಬೇಕಿಲ್ಲ. ವಿಕಾಸವಾದ ಹೇಳಿಕೊಡಬೇಡಿ ಅಂತ ಒಬ್ಬ ತಂದೆ ಬಂದಿದ್ದರು. ಧರ್ಮದ ಪಾಠದಿಂದ ಮಗುವನ್ನು ಬಿಡಿಸಿಕೊಳ್ಳುವ ಹಕ್ಕು ಪೋಷಕರಿಗೆ ಇದೆ, ವಿಜ್ಞಾನದಿಂದ ಇಲ್ಲ. ಹೆಡ್ ಎರಡೇ ಸಾಲಿನ ಉತ್ತರ ಕೊಟ್ಟರು. ನಾನು ಮೀಟಿಂಗಿಗೂ ಹೋಗಲಿಲ್ಲ.

ಇನ್ನು ಆ ಹುಡುಗಿ. ಶುಕ್ರವಾರ ಮತ್ತೆ ನಿಮ್ಮ ಕ್ಲಾಸಿನಲ್ಲೇ ಕೂತಿರುತ್ತಾಳೆ. ಅಮ್ಮನಿಗೆ ಯಾಕೆ ಹೇಳಿದೆ ಅಂತ ಕೇಳಬೇಡಿ. ಎಲ್ಲರ ಮುಂದೆ ಸಾರಿ ಅನ್ನಲೂಬೇಡಿ, ಮತ್ತೆ ಅವಳನ್ನೇ ಎಲ್ಲರೂ ತಿರುಗಿ ನೋಡುತ್ತಾರೆ. ಪ್ರಶ್ನೆ ಕೇಳುವಾಗ ಉಳಿದವರನ್ನು ಕೇಳಿದ ಹಾಗೆ ಅವಳನ್ನೂ ಕೇಳಿ, ಸಾಕು. ಸರಾಸರಿಗೆ ಬಸ್ಸು ದಿನಾ ಎಷ್ಟು ನಿಮಿಷ ತಡ ಅನ್ನುವ ಲೆಕ್ಕ ತಗೊಳ್ಳಿ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಅದರ ಹಾಳೆ ಇದೆ, ನಾಳೆ ಕಳಿಸುತ್ತೇನೆ.

ಗುರುವಾರ ಮೀಟಿಂಗ್ ಮುಗಿದ ಮೇಲೆ ಫೋನ್ ಮಾಡಿ. ನಾಲ್ಕೂವರೆ ಮೇಲೆ ಬಿಡುವಾಗಿರುತ್ತೇನೆ.